ಜೆಟ್ಟಿಗೆ ತಂತಿ ಹಾಕಬಾರದು

ನಮ್ಮ ಮೇಸ್ತ್ರಿಯ ಬಲಗಿವಿಯ ಹಿಂದೆ, ಎಲುಬಿನ ಮೇಲೆ, ಕಡಲೆಬೀಜದಷ್ಟು ಗಟ್ಟಿ ಜಡ್ಡು ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಹಿಡಿಯನ್ನು ಅಲ್ಲಿಗೆ ಒತ್ತಿ, ಕಣ್ಣು ಮುಚ್ಚಿ ಒಳಗಿನ ಸದ್ದು ಆಲಿಸುತ್ತಾ ನಿಲ್ಲುತ್ತಿದ್ದರು. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಬಂದ ಜಡ್ಡು ಅದು. ಹೆಂಡತಿ ಮೂರು ಸಲ ಕೂಗಿದರೂ ಕೇಳದಷ್ಟು ಕಿವಿ ಮಂದ. ಆದರೆ ಸಿಲಿಂಡರಿನೊಳಗೆ ಒಂದೇ ಒಂದು ಸಿಡಿತ ತಪ್ಪಿದರೂ ಹುಬ್ಬು ಗಂಟಿಕ್ಕುತ್ತಿದ್ದರು.

ಜಪಾನಿನ ಕನಗಾವಾ ಕರಾವಳಿಯ ಸಣ್ಣ ಮೀನು ಬಂದರಿನಲ್ಲಿ ಅವರ ಶೆಡ್ಡು. ಬಂದರಿನವರೆಲ್ಲ ಓಯಾಕಾತಾ ಎನ್ನುತ್ತಿದ್ದರು, ನಮ್ಮಲ್ಲಿ ಮೇಸ್ತ್ರಿ ಎಂದ ಹಾಗೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಲಾಸಿಪಾಳ್ಯದ ಸ್ಕೂಟರ್ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡು ಇಲ್ಲಿಗೆ ಬಂದೆ. ಅವರು ಸಹಿ ಮಾಡಿದ ಕಾಗದದ ಮೇಲೆಯೇ ನನ್ನ ವೀಸಾ, ನನ್ನ ಸಂಸಾರ ನಿಂತಿದ್ದವು. ಯೋಕೋಹಾಮಾದಲ್ಲಿ ಕನ್ನಡದವರು ಯುಗಾದಿ ಊಟಕ್ಕೆ ಸೇರಿದಾಗ ಕಾರು ಕಂಪನಿಯ ಎಂಜಿನಿಯರೊಬ್ಬರು, "ನೀವು ಯಾವ ಕಂಪನಿ ಸಾರ್?" ಎಂದು ಕೇಳಿದ್ದರು. "ದೋಣಿ ಎಂಜಿನ್ ರಿಪೇರಿ ಸಾರ್. ನೀವು ಡ್ರಾಯಿಂಗ್ ಮಾಡ್ತೀರ, ನಾವು ಓಡಿಸ್ತೀವಿ" ಎಂದೆ. ಹಾಗೆನ್ನುವಾಗ ನನ್ನ ತಲೆ ನೆಟ್ಟಗೇ ಇತ್ತು.

ಹಳೆಯ ದೋಣಿ ಎಂಜಿನ್ನುಗಳಿಗೆ ಹೊಸ ಕಾರ್ಬುರೇಟರ್ ಈಗ ಸಿಗುವುದಿಲ್ಲ. ಗುಜರಿಗೆ ಹೋದ ಎಂಜಿನ್ನಿನಿಂದ ಬಿಚ್ಚಿಟ್ಟದ್ದನ್ನೇ ಮತ್ತೆ ಕಟ್ಟಬೇಕು. ಮೇಸ್ತ್ರಿ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ಭಾಗವನ್ನೂ ಎಡದಿಂದ ಬಲಕ್ಕೆ ಇಡುತ್ತಿದ್ದರು. ಕೊನೆಗೆ ಬರುವುದು ಜೆಟ್: ಪೆಟ್ರೋಲು ಹಾಯಲು ಕೂದಲೆಳೆಯಂಥ ತೂತಿರುವ ಹಿತ್ತಾಳೆ ಚೂರು. ಹಳೆ ಪೆಟ್ರೋಲು ಅಂಟಾಗಿ ಅದರೊಳಗೆ ಕಟ್ಟಿಕೊಂಡಿದ್ದರೆ ಔಷಧದಲ್ಲಿ ನೆನೆಹಾಕಿ ಗಾಳಿ ಬಿಡಬೇಕು. ಅಂಟು ಬಿಡದಿದ್ದರೆ ಇನ್ನೊಂದು ದಿನ ನೆನೆಸಬೇಕು. ಏನೇ ಆದರೂ ತಂತಿ ಹಾಕುವಂತಿಲ್ಲ. "ಆ ತೂತು ಕೊರೆದವನಿಗೆ ಅಳತೆ ಗೊತ್ತಿತ್ತು. ನಿನ್ನ ತಂತಿಗೆ ಗೊತ್ತಾ?" ಎನ್ನುತ್ತಿದ್ದರು. ಟ್ಯೂನ್ ಮಾಡುವಾಗ ಗಾಳಿಯ ಸ್ಕ್ರೂವನ್ನು ಎರಡೇ ಬೆರಳಿನಲ್ಲಿ ತಿರುಗಿಸಬೇಕು. "ಮೂರನೇ ಬೆರಳು ಬಂದ್ರೆ ಅದರ ಹಿಂದೇನೇ ಸೊಕ್ಕೂ ಬರುತ್ತೆ."

ನನ್ನ ಕೈ ಕಲಿತದ್ದೇ ಬೇರೆ. ನಮ್ಮ ಗ್ಯಾರೇಜಿನಲ್ಲಿ ಹಳೆ ಕ್ಲಚ್ ವೈರಿನಿಂದ ಒಂದು ಎಳೆ ಕಿತ್ತು ಜೆಟ್ಟಿಗೆ ತೂರಿಸಿ, ಬಾಯಲ್ಲೇ ಉಫ್ ಎಂದು ಊದಿದರೆ ಮುಗಿಯಿತು. ಹಾಗೆ ಓಡಿಸಿದ ಗಾಡಿಗಳಿಗೆ ಲೆಕ್ಕವಿಲ್ಲ.

ಬಂದ ಎರಡನೆಯ ವರ್ಷ. ಒಬ್ಬ ಮುದಿ ಮೀನುಗಾರನ ದೋಣಿಗೆ ಕಾರ್ಬುರೇಟರ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ನೆನೆದರೂ ಜೆಟ್ ಬಿಡಲಿಲ್ಲ. ಅಜ್ಜನಿಗೆ ದೋಣಿ ಮಾರನೆಯ ಬೆಳಿಗ್ಗೆಯೇ ಬೇಕಿತ್ತು. ಮೇಸ್ತ್ರಿ ಪೇಟೆಗೆ ಹೋಗಿದ್ದರು. ಒಂದು ಎಳೆ ತಂತಿ ತೂರಿಸಿದೆ. ಬಿಟ್ಟಿತು. ನೀರಿನ ತೊಟ್ಟಿಯಲ್ಲಿ ಎಂಜಿನ್ ಹತ್ತು ನಿಮಿಷ ಸೊಗಸಾಗಿ ಓಡಿತು.

ಬೆಳಿಗ್ಗೆ ಮೇಸ್ತ್ರಿ ಕೇಳಿದರು: "ಜೆಟ್ ಬಿಡ್ತಾ?"

"ಬಿಡ್ತು."

"ಗಾಳಿಗೇ?"

"ಗಾಳಿಗೇ."

ತಲೆಯಾಡಿಸಿ ದೋಣಿ ಹತ್ತಿದರು. ರಿಪೇರಿಯಾದ ಎಂಜಿನ್ನಿನ ಮೊದಲ ಓಟಕ್ಕೆ ದೋಣಿಯವನ ಜೊತೆ ತಾವೂ ಕೂರುವುದು ಅವರ ಪದ್ಧತಿ.

ಹತ್ತು ಗಂಟೆಗೆ ಇನ್ನೊಂದು ದೋಣಿ ಅವರಿಬ್ಬರನ್ನೂ ಹಗ್ಗ ಕಟ್ಟಿ ಎಳೆದು ತಂತು. ತಂತಿಯಿಂದ ತೂತು ದೊಡ್ಡದಾಗಿ, ಪೆಟ್ರೋಲು ಹೆಚ್ಚು ಹರಿದು, ನಿಧಾನದ ಓಟದಲ್ಲಿ ಪ್ಲಗ್ಗು ಮಸಿ ಹಿಡಿದು ಎಂಜಿನ್ ಸತ್ತಿತ್ತು. ಅದೂ ಬಂಡೆಗಳ ಹತ್ತಿರ. ಮೇಸ್ತ್ರಿ ಕಟ್ಟೆ ಹತ್ತಿ ಟೋಪಿ ತೆಗೆದು, ಬಲೆ ಬಿಡಿಸುತ್ತಿದ್ದವರೆಲ್ಲರ ಎದುರಿಗೆ, ಆ ಅಜ್ಜನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. "ತಪ್ಪು ನನ್ನ ಶೆಡ್ಡಿನದು" ಎಂದರು. ನನ್ನ ಹೆಸರು ಎತ್ತಲಿಲ್ಲ. ಅಜ್ಜ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮಾತಾಡದೆ ಮನೆಗೆ ಹೋದ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಅನ್ನ ಕಲೆಸುತ್ತಾ ಕೂತೆ. ಹೆಂಡತಿ ಬಿಡದೆ ಕೇಳಿದ್ದಕ್ಕೆ ಎಲ್ಲ ಹೇಳಿದೆ. "ಬಾಯಿ ಬಿಟ್ರೆ ವೀಸಾನೂ ಹೋಗುತ್ತೆ" ಎಂದೆ.

"ಹೋದ್ರೆ ಹೋಗ್ಲಿ ಬಿಡಿ, ಊರಿದೆ. ನೀವು ಮಾಡಿದ್ದಕ್ಕೆ ಅಷ್ಟು ದೊಡ್ಡೋರು ತಲೆ ಬಗ್ಗಿಸಿದ್ರಲ್ಲ, ಅದನ್ನ ಹೆಂಗ್ರೀ ನೋಡ್ತಾ ನಿಂತಿದ್ರಿ?"

ತಟ್ಟೆ ಸರಿಸಿ ಎದ್ದೆ. ಶೆಡ್ಡಿಗೆ ವಾಪಸು ಬಂದರೆ ಮೇಸ್ತ್ರಿ ಅದೇ ಕಾರ್ಬುರೇಟರನ್ನು ಬಿಚ್ಚುತ್ತಾ ಕೂತಿದ್ದರು. ನನ್ನತ್ತ ನೋಡಲಿಲ್ಲ. ಮಧ್ಯಾಹ್ನವೆಲ್ಲ ಬೇರೊಂದು ಎಂಜಿನ್ನಿನ ಗ್ರೀಸು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ನನಗೆ ಭಯವಿದ್ದದ್ದು ವೀಸಾದ್ದಷ್ಟೇ ಅಲ್ಲ. ಕೆಲಸಗಾರ ಎನ್ನುವುದೊಂದೇ ನನಗಿದ್ದ ಸರ್ಟಿಫಿಕೇಟು. ಅದನ್ನು ನಾನೇ ಹರಿಯಬೇಕಿತ್ತು. ಬೆಳಕು ಕುಂದುವ ಹೊತ್ತಿಗೆ ಅವರ ಮುಂದೆ ಹೋಗಿ ನಿಂತೆ.

"ತಂತಿ ಹಾಕಿದ್ದೆ. ಬೆಳಿಗ್ಗೆ ಹೇಳಿದ್ದು ಸುಳ್ಳು."

ಅವರು ಬೈಯಲಿಲ್ಲ. ಪಕ್ಕದ ಸ್ಟೂಲು ಎಳೆದು ಕೊಟ್ಟರು. "ಬೇರೆ ಜೆಟ್ ಸಿಕ್ಕಿದೆ. ನಾಳೆ ಇಲ್ಲಿ ಕೂತ್ಕೊಂಡು ನೀನೇ ಕಟ್ಟು. ಮೊದಲ ಓಟಕ್ಕೂ ನೀನೇ ಹೋಗು. ಮುಳುಗಿದ್ರೆ ಅಜ್ಜನ ಜೊತೆ ನೀನೂ ಮುಳುಗ್ತೀಯ, ಆಗ ಕೈ ತಾನಾಗೇ ಜಾಗ್ರತೆಯಾಗಿರುತ್ತೆ."

ಹಾಗೇ ಹೋದೆ. ಎರಡು ಗಂಟೆ ನಿಧಾನವಾಗಿ ಓಡಿಸಿದೆವು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಅಂದಿನಿಂದ ನಾನು ಕಟ್ಟಿದ ಎಂಜಿನ್ನಿನ ಮೊದಲ ಓಟಕ್ಕೆ ನಾನೇ ಹೋಗುತ್ತೇನೆ.

ಹೋದ ಚಳಿಗಾಲದಲ್ಲಿ ಮೇಸ್ತ್ರಿ ತೀರಿಕೊಂಡರು. ಶ್ವಾಸಕೋಶ ಸೋತಿತ್ತು. ದಹನ ಮುಗಿಯುವವರೆಗೆ ಎಲ್ಲರೂ ಕಾಯುವ ಕೋಣೆಯಲ್ಲಿ ಆ ಅಜ್ಜ ಬಂದು ನನ್ನ ಪಕ್ಕ ಕೂತ. ನನ್ನ ಕೈಗೊಂದು ಟೀ ಕಪ್ಪು ಕೊಟ್ಟು ಹೇಳಿದ:

"ಅವತ್ತು ಸಮುದ್ರದ ಮೇಲೇ ನಿನ್ನ ಮೇಸ್ತ್ರಿ ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದ. ಒಳಗಡೆ ತಂತಿಯ ಗೀರು ಕಾಣ್ತು. 'ದಡಕ್ಕೆ ಹೋಗ್ಲಿ, ನಿನ್ನ ಕೆಲಸದವನ ಕೆನ್ನೆಗೆ ಬಿಡ್ತೀನಿ' ಅಂತ ನಾನು ಕೂಗಾಡಿದೆ. 'ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು. ಅವನೇ ಬಂದು ಹೇಳಿದ್ರೆ ಇಟ್ಕೋತೀನಿ, ಇಲ್ಲಾಂದ್ರೆ ನಾಳೆ ಕಳಿಸಿಬಿಡ್ತೀನಿ' ಅಂದ."

ನಾನು ಕಪ್ಪನ್ನು ಕೆಳಗಿಟ್ಟೆ. ಈ ಮಾತು ನನಗೆ ಗೊತ್ತೇ ಇರಲಿಲ್ಲ.

"ಸಂಜೆ ನಾಲ್ಕು ಗಂಟೆ ಹೊಡೆದ್ರೆ ಒಂದು ನಿಮಿಷ ನಿಲ್ಲದೆ ಶೆಡ್ಡು ಮುಚ್ಚೋ ಮನುಷ್ಯ ಅವನು. ಅವತ್ತು ಶೆಡ್ಡಿನಿಂದ ನಮ್ಮನೆಗೆ ಅವನ ಫೋನ್ ಬಂದಾಗ ಆರು ದಾಟಿತ್ತು. 'ಹೇಳಿದ' ಅಂದ. ಅಷ್ಟೇ ಅಂದು ಇಟ್ಟುಬಿಟ್ಟ."