ಮಿಲೆಂಕೊ ಬರೆದ ಮೂರನೆಯ ಭಾಗ

ಪರ್ತ್‌ನಿಂದ ವಿಮಾನ ಬೆಳಿಗ್ಗೆ ಆರೂವರೆಗೆ ಹೊರಟಿತು. ಬ್ರಿಸ್ಬೇನ್ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಒಂದೇ ದೇಶದೊಳಗೆ ಗಡಿಯಾರವನ್ನು ಎರಡು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ನಾನು ಕಬ್ಬಿಣದ ಅದಿರಿನ ಗಣಿಯಲ್ಲಿ ಭೂವಿಜ್ಞಾನಿ. ಎರಡು ವಾರ ಗಣಿ, ಒಂದು ವಾರ ರಜೆ. ಈ ಸಲದ ರಜೆಗೆ ಪಿಟೀಲು ಹೊತ್ತುಕೊಂಡು ಹೊರಡುವಂತೆ ಮಾಡಿದ್ದು ಅಡಿಲೇಡಿನಲ್ಲಿರುವ ಗೆಳೆಯ ಗಿರೀಶನ ಫೋನು.

"ನಮ್ಮ ಪಕ್ಕದ್ಮನೇಲಿ ಮಿಲೆಂಕೊ ಅಂತ ಒಬ್ರು ಸರ್ಬಿಯಾದ ಕಂಪೋಸರ್ ಇದಾರೆ. ಪಿಟೀಲಿಗೆ ಒಂದು ಸೊನಾಟಾ ಬರ್ದಿದ್ರು, ಅದ್ರ ಮೂರನೇ ಭಾಗ ಕಳ್ದೋಗಿದೆ. ಆವಾಗ ಅದನ್ನ ನುಡಿಸಿದ್ದ ಝೋರಾ ಆಂಟಿ ಈಗ ಬ್ರಿಸ್ಬೇನಲ್ಲಿದಾರೆ. ನೀನು ಕೇಳ್ಕೊಂಡೇ ಕಲಿಯೋಳಲ್ವಾ? ಹೋಗಿ ಕಲ್ತ್ಕೊಂಡು ಬಂದ್ಬಿಡು."

"ಅವರೇ ಫೋನ್ ಮಾಡಿ ಕೇಳ್ಬಾರ್ದಾ?"

"ಮೂವತ್ತು ವರ್ಷದಿಂದ ಮಾತಿಲ್ಲ ಕಣೆ."

ಮಿಲೆಂಕೊ ಅವರ ಕಥೆಯನ್ನು ಅವನು ಆಮೇಲೆ ಹೇಳಿದ. ಯುದ್ಧದ ವರ್ಷಗಳಲ್ಲಿ ದೇಶ ಬಿಟ್ಟು ಬಂದವರು. ಬರುವ ದಾರಿಯಲ್ಲಿ ಬರಹಗಳ ಪೆಟ್ಟಿಗೆ ಕಳೆದುಹೋಯಿತು. ಅಡಿಲೇಡಿನ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಾ, ಭಾನುವಾರಗಳಲ್ಲಿ ತಮ್ಮ ಚರ್ಚಿನ ಮೇಳಕ್ಕೆ ಹಾಡು ಕಟ್ಟಿದರು. ಯಂತ್ರಗಳ ಬಡಿತವನ್ನೇ ಲಯ ಮಾಡಿಕೊಂಡು ಅಕಾರ್ಡಿಯನ್‌ಗೆ ಒಂದು ರಚನೆ ಬರೆದರು. ಸೊನಾಟಾದ ಎರಡು ಭಾಗಗಳನ್ನು ನೆನಪಿನಿಂದಲೇ ಮತ್ತೆ ಬರೆದರು, ಮೂರನೆಯದು ಕೈಗೆ ಹತ್ತಲಿಲ್ಲ. ಈಗ ಎಪ್ಪತ್ತೆಂಟು, ಈ ವರ್ಷ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಾರೆ.

ಬ್ರಿಸ್ಬೇನಿನಲ್ಲಿ ಇಳಿದಾಗ ಮೈಗೆ ಅಂಟುವ ಸೆಖೆ. ಊರ ನಡುವಿನಿಂದ ಲೋಕಲ್ ರೈಲಿಗೆ ಐವತ್ತು ಸೆಂಟು ಮಾತ್ರ. ರೈಲು ಇಳಿದು ಬಸ್ಸು ಹಿಡಿದು ನಾರ್ತ್ ಲೇಕ್ಸ್ ತಲುಪಿದೆ. ಸಾಲುಮನೆಗಳ ಪೈಕಿ ಝೋರಾ ಅವರದು ಕೊನೆಯದು. ಸಂಧಿವಾತದಿಂದ ಅವರ ಬಲಗೈ ಬೆರಳುಗಳು ಮಡಚಿಹೋಗಿದ್ದವು, ಕಮಾನು ಹಿಡಿಯಲಾಗುತ್ತಿರಲಿಲ್ಲ. ನಮ್ಮ ಪದ್ಧತಿಯಂತೆ ಪಿಟೀಲು ಹಿಡಿದು ನೆಲದ ಮೇಲೆ ಕುಳಿತ ನನ್ನನ್ನು ಒಂದು ಗಳಿಗೆ ನೋಡಿ, "ಹಾಗೇ ಕುಳಿತುಕೋ, ಪರವಾಗಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಶ್ರುತಿ ಬಿಟ್ಟು ಅವರ ಶ್ರುತಿಗೆ ತಂತಿ ಕೂಡಿಸಿದೆ.

ಅವರು ಗೊಗ್ಗರು ದನಿಯಲ್ಲಿ ಗುನುಗುವುದು, ಎಡಗೈ ಬೆರಳನ್ನು ತಂತಿಯ ಮೇಲಿಟ್ಟು ತೋರಿಸುವುದು, ನಾನು ನುಡಿಸುವುದು. ಮೈಸೂರಿನಲ್ಲಿ ಗುರುಗಳು ಪಾಠ ಹೇಳಿದ್ದೂ ಹೀಗೆಯೇ. ಏಳು ಮಾತ್ರೆಯ ನಡೆ ಎಂದು ಕೇಳಿ, ನಮ್ಮ ಮಿಶ್ರಛಾಪು ತಾಳ ತಾನೆ ಎಂದು ಧೈರ್ಯವಾಗಿ ಮೂರು-ನಾಲ್ಕು ಎಣಿಸಿದೆ. ಝೋರಾ ನನ್ನ ಮಂಡಿಯ ಮೇಲೆ ತಟ್ಟಿದರು: "ಅಲ್ಲ. ಎರಡು, ಎರಡು, ಮೂರು." ಆ ಅಭ್ಯಾಸ ಕಳೆದುಕೊಳ್ಳುವುದರಲ್ಲಿ ಅರ್ಧ ದಿನ ಹೋಯಿತು. ಊಟಕ್ಕೆ ದೊಣ್ಣೆಮೆಣಸಿನಕಾಯಿಗೆ ಅನ್ನ ತುಂಬಿ ಬೇಯಿಸಿದ್ದರು, ನನ್ನ ಸಲುವಾಗಿ ಮಾಂಸ ಬಿಟ್ಟು.

ಎರಡನೆಯ ದಿನ ಕೊನೆಯ ಸಾಲಿಗೆ ಬಂದಾಗ ಅವರು ನನ್ನ ಕಮಾನನ್ನು ತಡೆದರು.

"ಮೊದಲ ಕಚೇರಿಯ ದಿನ ಇಲ್ಲಿ ಅವನು ಬರೆದದ್ದನ್ನು ಬದಲಿಸಿದೆ. ಅವನದು ಜೋರಾದ ಮುಕ್ತಾಯ. ನಾನು ಸದ್ದಡಗಿಸಿ ನಿಲ್ಲಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ವೇದಿಕೆಗೆ ಬರಲೇ ಇಲ್ಲ."

"ಈಗ ನನಗೆ ಯಾವುದನ್ನು ಕಲಿಸುತ್ತೀರಿ?"

"ಅವನು ಬರೆದದ್ದನ್ನು. ಅದು ಅವನ ಸ್ವತ್ತು."

ಮರುದಿನ ಅಡಿಲೇಡಿಗೆ ಎರಡೂವರೆ ಗಂಟೆಯ ಹಾರಾಟ, ಗಡಿಯಾರ ಅರ್ಧ ಗಂಟೆ ಹಿಂದಕ್ಕೆ. ಊರಿನಿಂದ ಗಿರೀಶನ ಬಡಾವಣೆ ಮಾಸನ್ ಲೇಕ್ಸ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಆ ರಾತ್ರಿ ಗಿರೀಶನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅವನು ಮಗಳಿಗೆ, "ಪಕ್ಕದ್ಮನೆ ಅಂಕಲ್ ಎದ್ರಾ, ನೋಡ್ಕೊಂಡ್ ಬಾ ಪುಟ್ಟಿ" ಎಂದ. ಅವಳು ಓಡಿಹೋಗಿ ಬಂದು, "ಹೀ ಇಸ್ ಆಲ್ರೆಡಿ ವೇಟಿಂಗ್, ಡ್ಯಾಡ್" ಎಂದಳು.

ಮಿಲೆಂಕೊ ಕ್ಷೌರ ಮಾಡಿಕೊಂಡು, ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ನುಡಿಸಿದೆ. ಮೊದಮೊದಲು ಅವರ ಬೆರಳು ಕುರ್ಚಿಯ ತೋಳಿನ ಮೇಲೆ ಏಳೇಳನ್ನು ಬಡಿಯುತ್ತಿತ್ತು, ಆಮೇಲೆ ನಿಂತಿತು. ಜೋರಾಗಿ ಮುಗಿಸಿ ಕಮಾನು ಎತ್ತಿದೆ.

"ಒಂದೂ ತಪ್ಪಿಲ್ಲ. ಹೀಗೇ ಬರೆದಿದ್ದೆ" ಎಂದರು. ಆಮೇಲೆ, "ಈಗ ಅವಳು ನುಡಿಸಿದ ಹಾಗೆ ಮುಗಿಸು."

"ಅದನ್ನು ಅವರು ಕಲಿಸಲಿಲ್ಲ. ನೀವು ಬರೆದದ್ದೇ ನಿಮ್ಮ ಸ್ವತ್ತು ಅಂದರು."

ಅವರು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. "ಮೂವತ್ತು ವರ್ಷದಿಂದ ಅವಳ ಆ ಮುಕ್ತಾಯಕ್ಕಾಗಿಯೇ ಹೆಣಗುತ್ತಿದ್ದೇನೆ. ಅವತ್ತು ಸಭೆಯ ಹಿಂದೆ ನಿಂತಿದ್ದೆ. ಸಿಟ್ಟಿನಲ್ಲಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ಜೊತೆಗೆ ಬಂದಿದ್ದ ಗಿರೀಶ ಏನೂ ಕೇಳದೆ ತನ್ನ ಫೋನಿನಲ್ಲಿ ಝೋರಾ ಅವರ ನಂಬರು ಒತ್ತಿ ಮಿಲೆಂಕೊ ಅವರ ಕೈಗೆ ಕೊಟ್ಟ. ಮಿಲೆಂಕೊ ತಮ್ಮ ಹೆಸರು ಹೇಳಿದರು. ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಆ ಕಡೆಯಿಂದ ಗುನುಗು ಕೇಳಿಸಿತು. ಮಿಲೆಂಕೊ ಅದನ್ನು ಪೆನ್ಸಿಲಿನಿಂದ ಬರೆದುಕೊಂಡು, ನನಗೆ ನುಡಿಸಲು ಸನ್ನೆ ಮಾಡಿದರು. ನುಡಿಸಿದೆ. ಫೋನಿನಿಂದ ಏನೋ ಮಾತು ಬಂತು.

"ಇನ್ನೂ ಮೆಲ್ಲಗೆ ಅನ್ನುತ್ತಾಳೆ" ಎಂದು ಮಿಲೆಂಕೊ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಪರ್ತ್‌ನ ವಿಮಾನಕ್ಕೆ ಗಿರೀಶ ಕಾರು ತೆಗೆದ. ತಿರುಗಿ ನೋಡಿದೆ. ಕಿಟಕಿಯಲ್ಲಿ ಮಿಲೆಂಕೊ ಪೆನ್ಸಿಲ್ ಆಡಿಸುತ್ತಾ ಫೋನಿನಲ್ಲಿ ಜೋರು ದನಿ ತೆಗೆದಿದ್ದರು.

"ಮತ್ತೆ ಜಗಳಾನಾ?" ಎಂದೆ.

"ಗೊತ್ತಿಲ್ಲ ಕಣೆ" ಎಂದ ಗಿರೀಶ. "ಫೋನಂತೂ ನಂದು. ಸಂಜೆ ಇಸ್ಕೊಂಡ್ರಾಯ್ತು."