ಕಾಲುವೆ ದಾರಿಯ ಕೆಂಪು ಮಣ್ಣು

ಊರಿನವರ ಸೊಂಟದ ಅಳತೆಗಳೆಲ್ಲ ಟೈಲರ್‌ನ ನಾಲಿಗೆ ತುದಿಯಲ್ಲಿದ್ದವು. ಯಾರು ಮದುವೆಯಾದ ಮೇಲೆ ಹಿಗ್ಗಿದರು, ಯಾರು ಕಾಯಿಲೆ ಬಿದ್ದು ಇಳಿದುಹೋದರು, ಎಲ್ಲವನ್ನೂ ಟೇಪು ಹಿಡಿಯದೆ ಹೇಳುತ್ತಿದ್ದ. ತನ್ನ ಸೊಂಟಕ್ಕೆ ಮಾತ್ರ ಟೇಪು ಸುತ್ತುವ ಧೈರ್ಯ ಅವನಿಗಿರಲಿಲ್ಲ. ಪ್ಯಾಂಟು ಬಿಗಿಯಾದಾಗಲೆಲ್ಲ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೊಲಿಗೆ ಬಿಚ್ಚುವುದು, ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನು ಒಂದಿಷ್ಟು ಹೊರಗೆ ಬಿಡುವುದು, ಮತ್ತೆ ಹೊಲಿದು ಏನೂ ಆಗಿಲ್ಲದವನ ಹಾಗೆ ಮನೆಗೆ ಹೋಗುವುದು. ಬಿಡಲು ಬಟ್ಟೆಯೇ ಉಳಿಯದ ದಿನ ಹೊಸ ಪ್ಯಾಂಟು ಹೊಲಿದುಕೊಂಡ. ಹಳೆಯದರ ಬಣ್ಣ ಹೋಗಿತ್ತು ಎಂದು ಹೆಂಡತಿಗೆ ಹೇಳಿದ. ಹೊಚ್ಚಹೊಸದರಂತಿದ್ದ ಆ ಹಳೆಯ ಪ್ಯಾಂಟನ್ನು ಆಕೆ ಮಾತಿಲ್ಲದೆ ಮಡಿಸಿ ಕಪಾಟಿನಲ್ಲಿಟ್ಟಳು.

ಇಂಥವನು ಒಂದು ಕಾಲಕ್ಕೆ ಊರಿನ ಸೈಕಲ್ ಗುಂಪಿನ ಮುಂದಾಳಾಗಿದ್ದ ಎಂದರೆ ಈಗಿನವರು ನಂಬುವುದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಜನ ಹೊರಡುತ್ತಿದ್ದರು. ನೀರಿನ ಟ್ಯಾಂಕಿನ ಪಕ್ಕದ ದಿಬ್ಬವನ್ನು ಅವನು ಪೆಡಲ್ ಮೇಲೆ ನಿಂತೇ ಹತ್ತಿಬಿಡುತ್ತಿದ್ದ. ಅದಕ್ಕೇ ಅವನಿಗೆ ಬಿರುಗಾಳಿ ಎಂಬ ಹೆಸರು. ಬೇರೆಯವರಿಗೆ ಹೆಸರಿಡುವ ಚಾಳಿಯೂ ಅವನಿಗೆ ಚೆನ್ನಾಗಿಯೇ ಇತ್ತು. ಹೊಸದಾಗಿ ಸೇರಿದ್ದ, ಮನೆಮನೆಗೆ ಟಪಾಲು ಹಂಚುವ ಹೆಂಗಸೊಬ್ಬಳು ದಿಬ್ಬದಲ್ಲಿ ಏದುಸಿರು ಬಿಡುತ್ತಿದ್ದಾಗ, "ಇವರನ್ನ ಕರ್ಕೊಂಡು ಹೋಗೋದಕ್ಕಿಂತ ಹಿಂದೆ ಲಗೇಜ್ ಕಟ್ಕೊಂಡು ಹೋಗೋದು ಸುಲಭ" ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಆಕೆ ಲಗೇಜಕ್ಕ.

ಆಮೇಲೆ ಶಾಲೆಯ ಸಮವಸ್ತ್ರಗಳ ಕೆಲಸ ಹಿಡಿಯಿತು. ಭಾನುವಾರವೂ ಹೊಲಿಗೆ ಯಂತ್ರದ ಮುಂದೆಯೇ ಬೆಳಗಾಗತೊಡಗಿತು. ಸೈಕಲ್ಲು ಗೋಡೆಯ ಮೊಳೆಗೆ ಏರಿತು. ಹತ್ತು ವರ್ಷ ಹೇಗೆ ಹೋದವೋ ಅವನಿಗೇ ತಿಳಿಯಲಿಲ್ಲ. ಒಂದು ದಿನ ಬಟ್ಟೆಯ ಗಂಟು ಹೊತ್ತು ಮಹಡಿ ಮೇಲಿನ ಅಂಗಡಿಗೆ ಹತ್ತುತ್ತಿದ್ದವನು ಅರ್ಧದಲ್ಲೇ ಗೋಡೆ ಹಿಡಿದು ನಿಂತ. ಹಿಂದೆ ಬರುತ್ತಿದ್ದ ಗಿರಾಕಿ, ತಲೆ ಪೂರ್ತಿ ನೆರೆತ ಮೇಷ್ಟರು, "ಕೊಡಪ್ಪ ಇಲ್ಲಿ" ಎಂದು ಗಂಟನ್ನು ಕಿತ್ತುಕೊಂಡು ಸರಸರನೆ ಹತ್ತಿಹೋದರು. ಆವತ್ತು ಅವರ ಕೋಟಿನ ಅಳತೆ ತೆಗೆಯುವಾಗ ಟೈಲರ್ ಒಮ್ಮೆಯೂ ಅವರ ಮುಖ ನೋಡಲಿಲ್ಲ.

ಮರುದಿನವೇ ಸೈಕಲ್ಲನ್ನು ಕೆಳಗಿಳಿಸಿದ. ಯಾರ ಕಣ್ಣಿಗೂ ಬೀಳಬಾರದೆಂದು ಹಿತ್ತಲ ಬೀದಿಗಳಲ್ಲೇ ತುಳಿದ. ಮೊದಲ ವಾರ ತೊಡೆಗಳು ಹಿಡಿದುಕೊಂಡು, ಕಮೋಡಿನಿಂದ ಏಳಲೂ ಗೋಡೆ ಬೇಕಾಯಿತು. ತಿಂಗಳಾಗುವಷ್ಟರಲ್ಲಿ ಉಸಿರು ಮಾತು ಕೇಳತೊಡಗಿತು. ಗುಂಪಿಗೆಂದು ಹಿಂದೆ ತಾನೇ ಹೊಲಿದಿದ್ದ ನೀಲಿ ಅಂಗಿಯನ್ನು ತೆಗೆದು ನೋಡಿದರೆ ಅದು ಹೊಟ್ಟೆಯ ಮೇಲೇ ನಿಂತುಬಿಟ್ಟಿತು. ಆ ನೀಲಿ ಈಗೆಲ್ಲಿ ಸಿಗಬೇಕು? ಸ್ವಲ್ಪ ಗಾಢವಾದ ಬೇರೆ ನೀಲಿಯ ಪಟ್ಟಿಗಳನ್ನು ಎರಡೂ ಕಂಕುಳ ಕೆಳಗೆ ಸೇರಿಸಿ ಹೊಲಿದ. ಕನ್ನಡಿಯ ಮುಂದೆ ಕೈ ಇಳಿಬಿಟ್ಟು ನಿಂತರೆ ಪಟ್ಟಿ ಕಾಣುತ್ತಿರಲಿಲ್ಲ. ಸೈಕಲ್ ಹಿಡಿದವನ ಕೈ ಮುಂದಕ್ಕೆ ಚಾಚಿರುತ್ತದೆ ಎಂಬುದು ಅಷ್ಟು ವರ್ಷ ಸೈಕಲ್ ಹೊಡೆದ, ಅದಕ್ಕಿಂತ ಹೆಚ್ಚು ವರ್ಷ ಅಂಗಿ ಹೊಲಿದ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಭಾನುವಾರ ಹೋಗಿ ನಿಂತಾಗ ಗುಂಪಿನವರು ಆ ಪಟ್ಟಿಗಳನ್ನು ನೋಡಿದರು, ಯಾರೂ ಸೊಲ್ಲೆತ್ತಲಿಲ್ಲ. "ಬಂದ್ಯಾ ಮಾರಾಯ!" ಎಂದು ಹಳೆಯ ಜೊತೆಗಾರ ಬೇಕರಿಯವನು ತಬ್ಬಿಕೊಂಡ. ಮುಂದಿನವರ ಬೆನ್ನ ಮರೆಯಲ್ಲಿ ಗಾಳಿ ತಾಕದೆ, ಅಷ್ಟೂ ಚಕ್ರಗಳ ಸದ್ದು ಒಂದೇ ಆಗಿ ಕೇಳುತ್ತಾ ಸಮತಟ್ಟು ರಸ್ತೆಯಲ್ಲಿ ಸಾಗುವಾಗ ಟೈಲರ್‌ಗೆ ಕಣ್ಣು ತುಂಬಿ ಬಂತು. ಇಷ್ಟು ಸುಖವನ್ನು ಮೊಳೆಗೆ ನೇತುಹಾಕಿದ್ದೆನಲ್ಲ ಎಂದುಕೊಂಡ.

ಗುಂಪಿನಲ್ಲಿ ಈಗ ಒಂದು ಕಟ್ಟಳೆ ಬಂದಿತ್ತು. ಕೊನೆಗೆ ಬರುವವರ ಹಿಂದೆ ಒಬ್ಬರು ಕಾವಲಿಗೆ ಇರಬೇಕು, ಅವರು ಬಂದು ಮುಟ್ಟುವ ತನಕ ದಿಬ್ಬದಾಚೆಯ ಅಂಗಡಿಯಲ್ಲಿ ಯಾರೂ ಟೀ ಮುಟ್ಟುವಂತಿಲ್ಲ. ಆ ಕಾವಲು ಲಗೇಜಕ್ಕನದು. ಎರಡು ಭಾನುವಾರ ಟೈಲರ್ ದಿಬ್ಬದಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಬಂದ, ಆಕೆಯೂ ಇಳಿದು ಪಕ್ಕದಲ್ಲೇ ನಡೆದಳು. ಅಂಗಡಿಯೆದುರು ಎಲ್ಲರೂ ತಣ್ಣಗೆ ಕಾಯುತ್ತಿದ್ದರು. ಆ ಕಾಯುವಿಕೆಗಿಂತ ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಮೂರನೆಯ ಭಾನುವಾರ ದಿಬ್ಬದ ಬುಡದಲ್ಲಿ ಲಗೇಜಕ್ಕನ ಸೈಕಲ್ ಚೈನು ಕಳಚಿತು. "ನೀವು ನಡೀರಿ ಟೈಲರಣ್ಣ, ಹಾಕ್ಕೊಂಡು ಬಂದ್ಬಿಡ್ತೀನಿ" ಎಂದಳು. ತಿರುವು ದಾಟಿದರೆ ಎಡಕ್ಕೆ ಕಾಲುವೆಯ ಏರಿ. ಏರು ಇಲ್ಲ, ಇಳಿತ ಇಲ್ಲ, ದಿಬ್ಬವನ್ನು ಬಳಸಿಕೊಂಡು ಟೀ ಅಂಗಡಿಯ ಹಿಂಭಾಗಕ್ಕೆ ಹೋಗುವ ಮಣ್ಣುದಾರಿ. ಟೈಲರ್ ಹಿಂದೆ ನೋಡಿದ, ಮುಂದೆ ನೋಡಿದ. ಹ್ಯಾಂಡಲ್ ತಾನಾಗಿಯೇ ತಿರುಗಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಹ್ಯಾಂಡಲ್ ಎಲ್ಲಾದರೂ ತಾನಾಗಿ ತಿರುಗುತ್ತದೆಯೇ?

ಅಂಗಡಿಯ ಹಿಂದೆ ಬಾಟಲಿಯ ನೀರನ್ನು ಬೆವರಿನಂತೆ ಮುಖಕ್ಕೆ ಚಿಮುಕಿಸಿಕೊಂಡು ಮುಂದಕ್ಕೆ ಬಂದಾಗ ಚಪ್ಪಾಳೆಯೇ ಬಿತ್ತು. "ಬಿರುಗಾಳಿ ವಾಪಸ್ ಬಂತಪ್ಪೋ!" ಎಂದು ಬೇಕರಿಯವನು ಕೂಗಿದ. ಟೈಲರ್ ನಕ್ಕ. ಲೋಟಗಳು ಸಾಲಾಗಿ ಕಾದವು, ಲಗೇಜಕ್ಕ ಬರಲಿಲ್ಲ. ಜೇಬಿನಿಂದ ಫೋನು ತೆಗೆದು ನೋಡಿದರೆ ಆಕೆಯ ಕರೆಗಳು ಒಂದರ ಮೇಲೊಂದು. ಏದುಸಿರಲ್ಲಿ ಮಾತಾಡಲು ನಾಚಿಕೆಯೆಂದು ಅವನೇ ಸದ್ದು ಅಡಗಿಸಿಟ್ಟಿದ್ದ. ಈಗಲಾದರೂ ಕರೆ ಮಾಡಬಹುದಿತ್ತು. ಮಾಡಿದರೆ ಎಲ್ಲರೆದುರು ಏನೆಂದು ಹೇಳುವುದು? ಫೋನನ್ನು ಜೇಬಿಗೆ ತುರುಕಿ, "ಚೈನ್ ಬಿದ್ದಿತ್ತು, ಬರ್ತಾರೆ" ಎಂದ.

ಬಂದಳು. ಟೀ ಎರಡು ಸಲ ಬಿಸಿಯಾದ ಮೇಲೆ ಬಂದಳು. ಮಂಡಿಯವರೆಗೆ ಕೆಸರು, ಪ್ಯಾಂಟಿನ ಒಂದು ಮಂಡಿ ಹರಿದು ಮುಳ್ಳಿನ ಗೀರು ಕಾಣುತ್ತಿತ್ತು. ದಿಬ್ಬದ ತುದಿಯಿಂದ ನೋಡಿದರೆ ರಸ್ತೆಯಲ್ಲಿ ಟೈಲರ್ ಕಾಣಲಿಲ್ಲವಂತೆ. ಮತ್ತೆ ಕೆಳಗಿಳಿದು ಚರಂಡಿ, ಪೊದೆ ಎಲ್ಲ ಹುಡುಕಿದ್ದಳು. ಅವನನ್ನು ಕಂಡು ಸೈಕಲ್ಲಿಗೆ ಒರಗಿ ನಿಂತಳು.

"ಸದ್ಯ, ಇದೀರಲ್ಲ. ಎದೆಗಿದೆ ಹಿಡ್ಕೊಂಡು ಎಲ್ಲಿ ಬಿದ್ರೋ ಅಂತ ಜೀವ ಬಾಯಿಗೆ ಬಂದಿತ್ತು."

"ಮುಂದೆ ಹೋದವನು ಕಾಣಲಿಲ್ವ ನಿಂಗೆ?" ಎಂದ ಬೇಕರಿಯವನು. "ಕಾಯೋ ಮೂಟೇನೇ ಕಳ್ಕೊಂಡ್ಯಲ್ಲ ಲಗೇಜಕ್ಕ!"

ಎಲ್ಲರೂ ನಕ್ಕರು. ಆಕೆಯ ಕಣ್ಣು ಒಂದು ಗಳಿಗೆ ಟೈಲರ್‌ನ ಚಕ್ರದ ಮೇಲೆ ನಿಂತಿತು. "ನಾನೇ ಸರಿಯಾಗಿ ನೋಡ್ಲಿಲ್ಲ ಬಿಡಿ" ಎಂದು ತಾನೂ ನಕ್ಕಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಟೈಲರ್‌ಗೆ. ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಆ ವಾರವಿಡೀ ಅವನ ಕತ್ತರಿ ಅಡ್ಡಾದಿಡ್ಡಿ ಓಡಿತು. ಒಂದು ತೋಳು ಗಿಡ್ಡವಾಯಿತು, ಒಂದು ಕಾಲರು ತಿರುಗುಮುರುಗಾಯಿತು. ಗುರುವಾರ ಟಪಾಲಿನ ಚೀಲ ಹೆಗಲಿಗೇರಿಸಿಕೊಂಡೇ ಲಗೇಜಕ್ಕ ಮಹಡಿ ಹತ್ತಿ ಬಂದು, ಹರಿದ ಪ್ಯಾಂಟನ್ನು ಮೇಜಿನ ಮೇಲಿಟ್ಟಳು. "ಮಂಡಿಗೊಂದು ತೇಪೆ ಹಾಕ್ಕೊಡಿ ಅಣ್ಣ."

ಅವನು ಅಲ್ಲೇ ಹೊಲಿಯಲು ಕೂತ. ಸೂಜಿಯ ಮೇಲಿಂದ ಕಣ್ಣು ಕೀಳದೆ, "ಅಕ್ಕ, ಆವತ್ತು ನಾನು..." ಎಂದು ತಡವರಿಸಿದ.

"ಗೊತ್ತು. ಕೆಂಪು ಮಣ್ಣು ಇರೋದು ಕಾಲುವೆ ಏರಿ ಮೇಲೆ ಮಾತ್ರ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಆಕೆ ಚೀಲದ ಪಟ್ಟಿ ಸರಿಮಾಡಿಕೊಂಡಳು. "ನೀವು ನಂಗೆ ಹೆಸರಿಟ್ರಲ್ಲ, ಅದಾದ ಭಾನುವಾರ ನಾನೂ ಅದೇ ದಾರೀಲಿ ಬಂದಿದ್ದೆ. ಆಗ ಹಿಂದೆ ಹುಡ್ಕೋಕೆ ಯಾರೂ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ."

ಸಿಟ್ಟಿನಿಂದ ಹೇಳಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಆಕೆ ಹವಾಮಾನದ ಸುದ್ದಿ ಹೇಳುವಂತೆ ಹೇಳಿ, ತೇಪೆಯನ್ನು ಎಳೆದು ನೋಡಿ, "ಗಟ್ಟಿಯಾಗಿದೆ" ಎಂದು ಇಳಿದುಹೋದಳು. ಟೈಲರ್ ಯಂತ್ರದ ಮೇಲೆ ತಲೆಯಿಟ್ಟು ಕೂತುಬಿಟ್ಟ.

ಭಾನುವಾರ ಹೊರಡುವ ಮುಂಚೆಯೇ ಅವನು ಬಾಯಿ ತೆರೆದ. "ಹೋದ ವಾರ ನಾನು ಕಾಲುವೆ ದಾರೀಲಿ ಕದ್ದು ಬಂದಿದ್ದು. ಲಗೇ..." ನಾಲಿಗೆ ತಡೆಯಿತು. "ಅಕ್ಕ ಏನೂ ಕಳ್ಕೊಂಡಿರ್ಲಿಲ್ಲ. ಅವರ ಫೋನ್ ಬಂದಿದ್ದು ನೋಡಿಯೂ ನಾನು ಸುಮ್ನಿದ್ದೆ." ಮುಖವೆಲ್ಲ ಕೆಂಡವಾಗಿ, ಅವನು ನೆಲ ನೋಡುತ್ತಾ ನಿಂತ. ಬೇಕರಿಯವನ ಮುಖ ಗಂಟಾಗಿತ್ತು. ಕೊನೆಗೆ, "ನಡೀರಿ, ಬಿಸಿಲೇರುತ್ತೆ" ಎಂದನಷ್ಟೆ.

ದಿಬ್ಬದಲ್ಲಿ ಎಲ್ಲರೂ ಮುಂದೆ ಹೋದರು. ಟೈಲರ್ ಉಸಿರು ಕಟ್ಟಿ ತುಳಿದ, ಮೊದಲ ತಿರುವಿನಲ್ಲಿ ಇಳಿಯಲಿಲ್ಲ, ಎರಡನೆಯದರಲ್ಲೂ ಇಳಿಯಲಿಲ್ಲ. ಹಿಂದೆ ತೇಪೆಯ ಮಂಡಿಯ ಪ್ಯಾಂಟು ತೊಟ್ಟು ಆಕೆ ನಿಧಾನ ಬರುತ್ತಿದ್ದಳು. ಇನ್ನೇನು ತುದಿ ಎನ್ನುವಾಗ ದಿಬ್ಬದಾಚೆಯಿಂದ ಬೇಕರಿಯವನ ಕೂಗು ಕೇಳಿತು. "ಕಾಲುವೇ! ಬಾರಯ್ಯ ಬೇಗ, ಟೀ ಆರೋಗ್ತಿದೆ!"

ಆಚೆ ನಗು ಎದ್ದಿತು. ಇನ್ನು ಸಾಯುವ ತನಕ ಇದೇ ಹೆಸರು ಎಂದು ಟೈಲರ್‌ಗೆ ಅರ್ಥವಾಯಿತು. ಕಿವಿ ಬಿಸಿಯಾಯಿತು. ಪೆಡಲ್ ಮೇಲೆ ಎದ್ದು ನಿಂತು, ಇದ್ದ ಉಸಿರನ್ನೆಲ್ಲ ಕೂಡಿಸಿ, "ಬಂದೆ" ಎಂದ.