ಮಣಿಯಣ್ಣ ಇಲ್ಲದ ಫೈನಲ್

ಅಮ್ಮತ್ತಿಯ ಅಂಗಡಿಯೊಂದರಲ್ಲಿ ಇವತ್ತು ಹೊಸ ಫುಟ್‌ಬಾಲಿನ ವಾಸನೆ ಮೂಗಿಗೆ ಬಡಿದು, ಅಪ್ಪನ ಕ್ಲಬ್ ನೆನಪಾಯಿತು.

ತಿತಿಮತಿ ಹತ್ತಿರದ ನಮ್ಮೂರ ಕ್ಲಬ್ಬಿಗೆ ಅಪ್ಪನೇ ಕ್ಯಾಪ್ಟನ್. ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ಮಣಿಯಣ್ಣ ಗೋಲ್‌ಕೀಪರ್. ಬಿಡುವಾದಾಗಲೆಲ್ಲ ಚರ್ಮದ ಚೆಂಡಿಗೆ ಕೊಬ್ಬರಿ ಎಣ್ಣೆ ಉಜ್ಜುತ್ತಾ ಕೂರುತ್ತಿದ್ದ. ಫೈನಲ್ಲಿಗೆ ಎರಡು ದಿನವಿರುವಾಗ, ಉಳಿದವರೆಲ್ಲ ಹೊರಟ ಮೇಲೂ ಅಪ್ಪ ಅವನಿಗೆ ಪೆನಾಲ್ಟಿ ಹೊಡೆಯುತ್ತಲೇ ಇದ್ದರು. ಅಲ್ಲಿ ಇನ್ನಿದ್ದದ್ದು ನಾನೊಬ್ಬಳೇ.

“ಕತ್ತಲಾಯ್ತಣ್ಣಾ, ಆನೆ ಬರೋ ಹೊತ್ತು” ಎಂದ ಮಣಿಯಣ್ಣ.

“ಇನ್ನು ಹತ್ತೇ ಹತ್ತು ಮಾರಾಯ” ಎಂದರು ಅಪ್ಪ.

ಆ ರಾತ್ರಿ ಲೈನ್‌ಮನೆಗೆ ಹೋಗುವ ತೋಟದ ದಾರಿಯಲ್ಲಿ ಆನೆ ಅವನನ್ನು ತುಳಿದು ಕೊಂದಿತು.

ಪಂದ್ಯ ಬಿಟ್ಟುಬಿಡೋಣವೆಂದರು ಎಲ್ಲರೂ. ಅವನ ಹೆಂಡತಿ ಸೆಲ್ವಿಯಕ್ಕ ಮಾತ್ರ, “ಆಡಿ ಅಣ್ಣಾ, ಅವರಿಗೆ ಆಟ ಅಂದ್ರೆ ಪ್ರಾಣ” ಎಂದಳು. ಫೈನಲ್ ದಿನ ಗೋಲಿನಲ್ಲಿ ಅಪ್ಪನೇ ನಿಂತರು. ಬಂದ ಚೆಂಡಿಗೆ ಒಮ್ಮೆಯೂ ಕೈ ಎತ್ತಲಿಲ್ಲ. ಆರು ಗೋಲು ಬಿದ್ದವು. ಆಮೇಲೆ ಕ್ಲಬ್ ಮತ್ತೆ ಆಡಲೇ ಇಲ್ಲ.

ಈಗಲೂ ಸಂತೆಯಲ್ಲಿ ಸಿಕ್ಕರೆ ಸೆಲ್ವಿಯಕ್ಕ, “ಸೌಖ್ಯನಾ ಅಣ್ಣಾ?” ಎಂದು ಕೇಳುತ್ತಾಳೆ. ಅಪ್ಪ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಆ ಸಂಜೆ ತಡಮಾಡಿಸಿದ್ದು ತಾನೇ ಎಂದು ಅವರು ಅವಳಿಗೆ ಇನ್ನೂ ಹೇಳಿಲ್ಲ. ನಾನೂ ಹೇಳಿಲ್ಲ.